'ಕೆರೆಗೆ ಹಾರ' ಹಾಡಿನ ಆ ಗೆಳತಿ ಮೇಲೆ ನನಗೊಬ್ಬಳಿಗೇನಾ ಸಿಟ್ಟು?

ಬೀಸುಕಲ್ಲು:

ಜನಪದ ಹಾಡಿನ ಹುಚ್ಚು ಹಿಡಿದೋರು ಇಲ್ಲಿ ಸುಮಾರು ಜನ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳ್ತಿದೀನಿ. ಹಾಡಲ್ಲಿ ಬರೋ ಒಂದು ಪಾತ್ರದ ಮೇಲೆ ನಿಮಗೆ ಯಾವತ್ತಾದ್ರೂ ನಿಜವಾಗ್ಲೂ ಸಿಟ್ಟು ಬಂದಿದ್ಯಾ? ಸುಮ್ನೆ "ಅಯ್ಯೋ ಪಾಪ", "ಎಂಥಾ ಕಟುಕ" ಅಂತಲ್ಲ, ಎದುರಿಗೆ ಸಿಕ್ರೆ ನಿಲ್ಲಿಸ್ಕೊಂಡು ಕೇಳ್ಬೇಕು ಅನ್ನೋ ಥರದ ಸಿಟ್ಟು.

ನನಗೆ ಬರೋದು 'ಕೆರೆಗೆ ಹಾರ' ಹಾಡಿನ ಗೆಳತಿ ಮೇಲೆ. ಹೌದು ಗೆಳತಿ ಮೇಲೇನೇ. ಮಾವನ ಮೇಲೆ ಎಲ್ರಿಗೂ ಬರುತ್ತೆ, ಅದು ಬಿಡಿ.

ಹಾಡು ಮರೆತಿರೋರಿಗೆ ಒಂದ್ಸಲ ಹೇಳ್ಬಿಡ್ತೀನಿ. ಕಲ್ಲನಕೇರಿ ಮಲ್ಲನಗೌಡ ಕೆರೆ ಕಟ್ಟಿಸ್ತಾನೆ, ಒಂದು ಹನಿ ನೀರಿಲ್ಲ. ಹೊತ್ತಿಗೆ ತೆಗೆಸಿ ಶಾಸ್ತ್ರ ಕೇಳಿದ್ರೆ ಸೊಸೆನ ಹಾರ ಕೊಡು, ಅಂದ್ರೆ ಬಲಿ ಕೊಡು, ಅಂತ ಬರುತ್ತೆ. ಹಿರಿಸೊಸೆ ಮಲ್ಲವ್ವನ್ನ ಕೊಟ್ರೆ ಮನೆ ಹಿರಿತನಕ್ಕೆ ಮೋಸ, ಹಂಗಾಗಿ ಕಿರಿಸೊಸೆ ಭಾಗೀರತಿ. ಅವಳ ಗಂಡ ಮಾದೇವರಾಯ ದಂಡಿಗೆ ಹೋಗಿದಾನೆ, ಊರಲ್ಲಿಲ್ಲ. ಸುದ್ದಿ ಗೊತ್ತಾದ ಭಾಗೀರತಿ ತವರಿಗೆ ಓಡ್ತಾಳೆ. ಯಾವತ್ತೂ ಇಲ್ಲದ್ದು ಇವತ್ಯಾಕೆ ಕಣ್ಣೀರು ಅಂತ ಅಪ್ಪ ಕೇಳಿದ್ರೆ, ಅತ್ತೆಮಾವ ನಮ್ಮನ್ನ ಬೇರೆ ಇಡ್ತಾರಂತೆ ಅಂತಾಳೆ. ಅಷ್ಟೇನಾ, ಇಟ್ರೆ ಇಡ್ಲಿ ಬಿಡು, ಹೊಲ ಮನೆ ಕೊಡಿಸ್ತೀನಿ ಅಂತಾನೆ ಅಪ್ಪ. ನಿನ್ನ ಹೊಲ ಮನೆ ತಗೊಂಡೋಗಿ ಹೊಳೆಗೆ ಹಾಕು ಅಂದ್ಬಿಟ್ಟು ಅವ್ವನ ಹತ್ರ ಹೋಗ್ತಾಳೆ. ಅವ್ವಂಗೂ ಅದೇ ಸುಳ್ಳು. ಅವ್ವ ಕಿವಿಗೆ ವಾಲಿ ಮಾಡಿಸಿಕೊಡ್ತೀನಿ ಅಂತಾಳೆ, ನಿನ್ನ ವಾಲಿ ಒಲೆಗೆ ಹಾಕು ಅಂದು ಅಲ್ಲಿಂದಾನೂ ಎದ್ದು ಹೊರಡ್ತಾಳೆ. ಕೊನೆಗೆ ಗೆಳತಿ ಮನೆ. ಅಲ್ಲಿ ಮಾತ್ರ ಬಾಯ್ಬಿಟ್ಟು ಹೇಳ್ತಾಳೆ, ನನ್ನ ಕೆರೆಗೆ ಹಾರ ಕೊಡ್ತಾರಂತೆ ಕಣೇ ಅಂತ.

ಅದಕ್ಕೆ ಆ ಮಹಾತಾಯಿ ಏನಂತಾಳೆ? "ಕೊಟ್ಟರ ಕೊಡಲೇಳು, ಇಟ್ಟಂಗ ಇರಬೇಕು."

ಅಷ್ಟೇ! ಮುಗೀತು! ಮುಂದಿನ ಸಾಲಿಗೆ ಭಾಗೀರತಿ ವಾಪಸ್ ಅತ್ತೆಮನೆಗೆ ಹೊರಟಿರ್ತಾಳೆ. ಒಂದು ಹುಡುಗಿ ಸಾಯೋ ಮುಂಚೆ ಅಪ್ಪ ಅಮ್ಮಂಗೂ ಹೇಳದೆ ಇರೋದನ್ನ ನಿನಗೆ ಬಂದು ಹೇಳಿದ್ರೆ ನೀನು ಕೊಡೋ ಉತ್ತರ ಇದಾ? ಕೈ ಹಿಡ್ಕೊಂಡು ಎಲ್ಲಾದ್ರೂ ಓಡಿಸೋದು ಬೇಡ್ವಾ, ಅವಳಪ್ಪನ ಮನೆಗೆ ಹೋಗಿ ನಿಮ್ಮ ಮಗಳು ಹಿಂಗಂದ್ಲು ಅಂತ ಹೇಳೋದು ಬೇಡ್ವಾ, ಅಟ್‌ಲೀಸ್ಟ್ ಜೊತೆಗೆ ಕೂತು ಅಳೋದಾದ್ರೂ ಬೇಡ್ವಾ. ನಾನು ಯಾವಾಗ ಈ ಹಾಡು ಕೇಳಿದ್ರೂ ಆ ಸಾಲು ಬಂದಾಗ ನಿಲ್ಲಿಸ್ಬಿಡ್ತೀನಿ. ನಿಮಗೆ ಹೀಗೆ ಕಾಡೋ ಪಾತ್ರ ಯಾರು? ಇಲ್ಲಾ ಈ ಗೆಳತಿ ಪರವಾಗಿ ಯಾರಾದ್ರೂ ವಾದ ಮಾಡೋರಿದ್ರೆ ಅದನ್ನೂ ಮಾಡಿ, ಕೇಳೋಣ.


ಮಲಪ್ರಭಾ_ದಂಡಿ:

ಅಕ್ಕಾರ, ನಾ ಮಾಡ್ತೀನ್ರಿ ವಾದ. ನಮ್ಮ ಕಡೆ ಹಾಡು ಇದು, ಗೆಳತಿನ ಬಿಟ್ಟುಕೊಡಾಕ ಆಗಂಗಿಲ್ಲ.

ನೀವು ಹಾಡು ಅರ್ಧಕ್ಕ ನಿಲ್ಲಿಸಿ ಆಕಿ ಮ್ಯಾಲ ಕೇಸ್ ಹಾಕ್ಯಾರಿ. ಮುಂದ ಏನಾಕ್ಕೈತಿ ನೋಡ್ರಿ. ಮಾದೇವರಾಯಗ ದಂಡಿನ್ಯಾಗ ಕೆಟ್ಟ ಕನಸು ಬೀಳ್ತಾವು, ಕುದುರಿ ಏರಿ ಮನಿಗಿ ಬರ್ತಾನ. ಹೇಣ್ತಿ ಎಲ್ಲಿ ಅಂದ್ರ ಅವನ ಅಪ್ಪ ಅವ್ವ ಏನಂತಾರ? ತವರಮನಿಗಿ ಹೋಗ್ಯಾಳ. ಸುಳ್ಳ. ತವರಿಗಿ ಹೋದ್ರ ಅಲ್ಲಿ ಅತ್ತಿ ಮಾವ ಏನಂತಾರ? ಗೆಳತಿ ಮನಿಗಿ ಹೋಗ್ಯಾಳ. ಅವರಿಗಂತೂ ಪಾಪ ಖರೇನ ಗೊತ್ತಿಲ್ಲ. ಕಡೀಕ ಆ ಗೆಳತಿ ಬಾಗಲಕ್ಕ ಬರ್ತಾನ, ಆಕಿ ಒಬ್ಬಾಕಿ ಮುಖ ನೋಡಿ ಹೇಳ್ತಾಳ, ನಿಮ್ಮಪ್ಪ ನಿಮ್ಮವ್ವ ಆಕಿನ್ನ ಕೆರಿಗಿ ಹಾರ ಕೊಟ್ಟಾರಪ್ಪಾ ಅಂತ. ಆಮ್ಯಾಲೆ ತಾನ ಅವ ಕೆರಿಗಿ ಹೋಗಿ ಹಾರಕೊಳ್ಳೂದು.

ಈಗ ಎಣಿಸಿ ನೋಡ್ರಿ, ಇಡೀ ಹಾಡಿನ್ಯಾಗ ಎಲ್ಲಾರೂ ಸುಳ್ಳ ಹೇಳ್ತಾರ. ಭಾಗೀರತಿ ಅಪ್ಪಗ ಸುಳ್ಳ, ಅವ್ವಗ ಸುಳ್ಳ. ಅಡಗಿ ಮಾಡೂವಾಗ ಅಳತಿದ್ರ ಯಾಕವಾ ಕಣ್ಣೀರು ಅಂತ ಕೇಳಿದ್ರ ಬ್ಯಾಳ್ಯಾಗಿನ ಹಳ್ಳು ಕಣ್ಣಾಗ ಬಿತ್ತು ಅಂತಾಳ, ಅದೂ ಸುಳ್ಳ, ಕೇಳಿದವರಿಗೂ ಗೊತ್ತೈತಿ ಅದು ಸುಳ್ಳಂತ. ಕೆರಿ ಪೂಜಿ ಮುಗಿಸಿ ಮನಿಗಿ ಬರೂವಾಗ ಬಂಗಾರದ ಬಟ್ಟಲಾ ಅಲ್ಲೇ ಮರತ ಬಂದೇವಿ, ಹೋಗಿ ತಾರವಾ ಅಂತಾರಲ್ಲ, ಅದಂತೂ ಎಲ್ಲಾಕಿಂತ ದೊಡ್ಡ ಸುಳ್ಳ. ಈ ಸುಳ್ಳಿನ ಸಂತ್ಯಾಗ ಖರೆ ಮಾತು ನಡಿಯೂ ಜಾಗಾ ಒಂದ, ಆ ಗೆಳತಿ ಮನಿ. ಆಕಿಗಿ ಯಾರೂ ಸುಳ್ಳ ಹೇಳಂಗಿಲ್ಲ, ಆಕೀನೂ ಯಾರಿಗೂ ಹೇಳಂಗಿಲ್ಲ.

ಇನ್ನ ಓಡಿಸಬೇಕಿತ್ತು ಅಂದ್ರಿ. ಎಲ್ಲಿಗ್ರಿ? ಆಕಿ ಏನು ಗೌಡಶ್ಯಾನಿ ಏನ್ರಿ, ಅಪ್ಪಗ ಹೊಲ ಐತಿ, ಅವ್ವಗ ವಾಲಿ ಐತಿ, ಗೆಳತಿ ಕೈಯಾಗ ಏನೈತಿ? ಕೊಡಾಕ ಏನೂ ಇಲ್ದಾಕಿ ಮುಂದ ಹೋಗಿ ಭಾಗೀರತಿ ಖರೆ ಹೇಳಿದ್ಲು, ಕೊಡಾಕ ಇದ್ದವರ ಮುಂದ ಹೇಳಲಿಲ್ಲ. ಹೊಲ ಕೊಡ್ತೀನಿ, ವಾಲಿ ಕೊಡ್ತೀನಿ ಅನ್ನೂದು ಮಾತ ಕೇಳೂದಲ್ರಿ, ಮಾತ ಮುಗಸೂದು.

ಇನ್ನೊಂದು ನೋಡ್ರಿ, ಹಾಡಿನ್ಯಾಗ ಮಲ್ಲನಗೌಡಗ ಹೆಸರೈತಿ, ಮಲ್ಲವ್ವಗ ಐತಿ, ಮಾದೇವರಾಯಗ ಐತಿ. ಗೆಳತಿಗಿ ಇಲ್ಲ. ನಮ್ಮ ಕಡೆ ಲಾವಣ್ಯಾಗ ಹಂಗಿಲ್ಲ, 1857ರ ಹಲಗಲಿ ಬೇಡರ ಲಾವಣಿ ಕೇಳ್ರಿ, ಹನುಮ ಬಾಲ ಜಡಗ ರಾಮ ಅಂತ ಹೆಸರ ಹಿಡದು ಕರೀತಾರ. ಹೆಣ್ಣಮಕ್ಕಳ ಹಾಡಿನ್ಯಾಗ ಗೆಳತಿ ಅಂದ್ರ ಬರೇ ಗೆಳತಿ. ಹಾಡಾಕ ಕುಂತವ್ರು ಯಾರ ಬೇಕಾದ್ರೂ ಆಗಬೌದು.


ಹುಲಿಪಕ್ಷ:

ನನ್ನ ವೋಟು ಯಾವತ್ತಿದ್ರೂ ಅರ್ಬುತಂಗೆ. ಹಸಿದಿತ್ತು, ಹಿಡೀತು, ಬಿಡ್ತು, ಕೊನೆಗೆ ತಾನೇ ಸತ್ತೋಯ್ತು. ಇದರಲ್ಲಿ ಅದರ ತಪ್ಪೇನ್ರಿ? ಪುಣ್ಯಕೋಟಿ ಮೇಲೆ ನನಗೆ ಚಿಕ್ಕವಯಸ್ಸಿಂದ ಸಿಟ್ಟು. ಬರ್ತೀನಿ ಅಂದ್ಮೇಲೆ ಬಂದೇ ಬಿಡ್ಬೇಕಾ 😀


ಬೀಸುಕಲ್ಲು:

@ಹುಲಿಪಕ್ಷ ಜನಪದ ಅಂತ ಥ್ರೆಡ್ ಶುರು ಮಾಡಿದ್ರೆ ಹತ್ತನೇ ಕಾಮೆಂಟ್ ಒಳಗೆ ಹುಲಿ ಬಂದೇ ಬರುತ್ತೆ ಅಂತ ಗೊತ್ತಿತ್ತು, ನೀವು ಬೇಗ ಬಂದ್ರಿ. ಹುಲಿಗೆ ವಕೀಲರು ಜಾಸ್ತಿ ಇದಾರೆ. ನನಗೆ ಗೋವಿನ ಹಾಡಲ್ಲಿ ಕಾಡೋದು ಬೇರೆ ಜಾಗ. ಪುಣ್ಯಕೋಟಿ ದೊಡ್ಡಿಗೆ ವಾಪಸ್ ಬಂದು ಕರುಗೆ ಹಾಲು ಕೊಟ್ಟು ಅಕ್ಕತಂಗಿಯರಿಗೆ ಒಪ್ಪಿಸ್ತಾಳಲ್ಲ, "ಮುಂದೆ ಬಂದರೆ ಹಾಯಬೇಡಿ, ಹಿಂದೆ ಬಂದರೆ ಒದೆಯಬೇಡಿ" ಅಂತ. ಸತ್ಯ ಧರ್ಮ ಎಲ್ಲಾ ಒಂದು ಕಡೆ ಇರ್ಲಿ, ತಾಯಿ ಇಲ್ಲದ ಕರು ಬೇರೆ ಹಸು ಹತ್ರ ಹಾಲಿಗೆ ಹೋದ್ರೆ ಏನಾಗುತ್ತೆ ಅಂತ ಆ ಹಸುಗೆ ಎಷ್ಟು ಕರೆಕ್ಟಾಗಿ ಗೊತ್ತು ನೋಡಿ. ಮುಂದೆ ಬಂದ್ರೆ ಕೊಂಬು, ಹಿಂದೆ ಬಂದ್ರೆ ಕಾಲು. ದನ ಸಾಕಿದೋರು ಕಟ್ಟಿದ ಹಾಡು ಅಂತ ಆ ಒಂದು ಸಾಲಲ್ಲೇ ಗೊತ್ತಾಗುತ್ತೆ. ಆ ಅಕ್ಕತಂಗಿ ಹಸುಗಳು ಹೂಂ ಅಂದಮೇಲೂ ನಿಜವಾಗ್ಲೂ ನೋಡ್ಕೊಳ್ತಿದ್ವಾ ಅಂತ ನನಗೆ ಡೌಟು.

@ಮಲಪ್ರಭಾ_ದಂಡಿ ನಿಮಗೆ ಉತ್ತರ ಕೊಡ್ತೀನಿ, ಸ್ವಲ್ಪ ಯೋಚನೆ ಮಾಡ್ಬೇಕು. ಸುಳ್ಳಿನ ಲೆಕ್ಕ ನಾನು ಯಾವತ್ತೂ ಹಾಕಿರ್ಲಿಲ್ಲ.


ಕಂಸಾಳೆ_ಹಟ್ಟಿ:

ನಮ್ ಚಾಮರಾಜನಗರದ ಕಡೆಯಿಂದ ಒಬ್ಬಳು ಸೇರುಸ್ಕಳಿ, ಸಂಕಮ್ಮ. ಮಲೆ ಮಾದಪ್ಪನ ಕತೇಲಿ ಬರೋ ಸಂಕಮ್ಮ. ದೇವ್ರಗುಡ್ಡರು ಕಂಸಾಳೆ ಹಿಡ್ಕಂಡು ರಾತ್ರಿಯೆಲ್ಲಾ ಹಾಡೋ ಕತೆಲಿ ಅದು ಒಂದು ಸಾಲು, ಅಂದ್ರೆ ಕತೆಯ ಒಂದು ಭಾಗ, ಸಂಕಮ್ಮನ ಸಾಲು ಅಂತಾನೇ ಅನ್ನದು.

ಗಂಡ ನೀಲೇಗೌಡ ಮಲೆಗೆ ಜೇನಿಗೆ ಹೊರಟವ್ನೆ. ಹೋಗೋ ಮುಂಚೆ ಹೆಂಡ್ತಿ ಮೇಲೆ ಅನುಮಾನ. ನಾನು ಬರೋಗಂಟ ಸರಿಯಾಗಿರ್ತೀನಿ ಅಂತ ಕೈ ಮೇಲೆ ಕೈ ಇಟ್ಟು ಭಾಷೆ ಕೊಡು ಅಂತಾನೆ. ಇವಳು ಕೊಡಲ್ಲ. ಅದೇ ನನಗೆ ಇಷ್ಟ ಆಗದು. ತಪ್ಪು ಮಾಡ್ದೋಳಲ್ಲ, ಕೊಟ್ಬುಟ್ಟಿದ್ರೆ ಎರಡು ನಿಮಿಷದ ಕೆಲಸ, ಆದ್ರೂ ಕೊಡಲ್ಲ. ಅವ್ನು ಚಿತ್ರಹಿಂಸೆ ಕೊಡ್ತಾನೆ, ಗುಡ್ಲಲ್ಲಿ ಕೂಡಾಕಿ ಸುತ್ತ ಮಾಟಮಂತ್ರದ ಕಾವಲಿಟ್ಟು ಹೊಂಟೋಯ್ತಾನೆ, ಆಗ್ಲೂ ಇಲ್ಲ. ಆಮೇಲೆ ಮಾದಪ್ಪ ಜಂಗಮನಾಗಿ ಭಿಕ್ಷಕ್ಕೆ ಬಂದು ಕಾಪಾಡದು, ಕಾರಯ್ಯ ಬಿಲ್ಲಯ್ಯ ಅಂತ ಇಬ್ರು ಮಕ್ಕಳ ವರ ಕೊಡದು ಎಲ್ಲಾ ಅದೆ. ಭಕ್ತರು ಅದನ್ನ ಮಾದಪ್ಪನ ಮಹಿಮೆ ಅಂತ ಕೇಳ್ತರೆ, ನಾನೂ ಕೈ ಮುಗೀತೀನಿ, ಆದ್ರೆ ನನ್ ಮನಸು ಅದಕ್ಕಿಂತ ಹಿಂದೇನೇ ನಿಂತ್ಬುಟ್ಟದೆ, ಆ "ಕೊಡಲ್ಲ" ಅನ್ನೋ ಜಾಗದಲ್ಲಿ. ಹಾಡೋರೂ ಅಲ್ಲಿ ಅವಸರ ಮಾಡಲ್ಲ ಕಣಣ್ಣ, ಅವ್ನು ಕೇಳದು ಇವಳು ಒಲ್ಲೆ ಅನ್ನದು ಅಂತ ಎಳ್ದೂ ಎಳ್ದೂ ಹಾಡ್ತರೆ, ಕಂಸಾಳೆ ಪೆಟ್ಟು ಬೀಳ್ತಿರ್ತದೆ, ಕುಂತಿರೋ ಹೆಂಗಸರು ಲೊಚಗುಟ್ತಿರ್ತರೆ.

ಸಿಟ್ಟು ಅಂದ್ರಿ, ನನಗೆ ನೀಲೇಗೌಡನ ಮೇಲೆ ಸಿಟ್ಟಿಗಿಂತ ಒಂಥರಾ ಅಸಯ್ಯ ಬತ್ತದೆ. ಯಾಕಂದ್ರೆ ಅವ್ನು ಹಳೇ ಕಾಲದೋನಲ್ಲ. ಈಗ್ಲೂ ಫೋನ್ ಇಸ್ಕಂಡು ಮೆಸೇಜ್ ನೋಡೋರು ಅವ್ರೆ.

ಭಾಗೀರತಿ ವಿಷ್ಯಕ್ಕೆ ಬಂದ್ರೆ, ಅವಳು ಒಂದ್ ಸಲ ಒಲ್ಲೆ ಅಂದಿದ್ರೆ ಏನಾಗದು ಅಂತ ನಾನೂ ಯೋಚ್ನೆ ಮಾಡಿವ್ನಿ. ಆದ್ರೆ ಸಂಕಮ್ಮನ ಬೆನ್ನಿಗೆ ಮಾದಪ್ಪ ಇದ್ದ, ಇವಳ ಬೆನ್ನಿಗೆ ಯಾರೂ ಇಲ್ಲ. ಗಂಗಮ್ಮಾನೂ ಆ ಕಡೆಯವ್ಳೇ.


ಪುಸ್ತಕದ_ಹುಳ:

ಒಳ್ಳೆ ಥ್ರೆಡ್. ಒಂದು ವಿಷಯ ಸೇರಿಸ್ತೀನಿ, ಗೆಳತಿ ಕೇಸಿಗೆ ಸಂಬಂಧ ಇದೆ, ಸ್ವಲ್ಪ ಸುತ್ತಿ ಬರ್ತೀನಿ, ತಾಳ್ಮೆ ಇರ್ಲಿ.

ಕಟ್ಟಡ ನಿಲ್ಲಬೇಕು ಅಂದ್ರೆ ಹೆಣ್ಣನ್ನ ಬಲಿ ಕೊಡಬೇಕು ಅನ್ನೋ ಹಾಡು ನಮ್ಮಲ್ಲಿ ಮಾತ್ರ ಇರೋದಲ್ಲ. ಸರ್ಬಿಯಾದಲ್ಲಿ ಸ್ಕಾದರ್ ಕೋಟೆ ಕಟ್ಟಿದ ಹಾಡು, ರೊಮೇನಿಯಾದಲ್ಲಿ ಮನೋಲೆ ಅನ್ನೋ ಮೇಸ್ತ್ರಿ ಹಾಡು, ಹಂಗೇರಿಯಲ್ಲಿ ಕೆಲೆಮೆನ್ ಅನ್ನೋ ಗಾರೆಯವನ ಹೆಂಡತಿ ಹಾಡು. ಎಲ್ಲಾ ಕಡೆ ಹಗಲು ಕಟ್ಟಿದ್ದು ರಾತ್ರಿ ಬೀಳುತ್ತೆ, ಒಬ್ಬಳನ್ನ ಗೋಡೆಗೆ ಬಲಿ ಕೊಟ್ರೆ ನಿಲ್ಲುತ್ತೆ. ಸ್ಕಾದರ್ ಹಾಡಲ್ಲಿ ಮೂರು ಜನ ಅಣ್ಣತಮ್ಮಂದಿರು, ನಾಳೆ ಊಟ ತರೋ ಹೆಂಡತಿ ಯಾರೋ ಅವಳನ್ನ ಇಡೋದು, ಮನೇಲಿ ಯಾರೂ ಬಾಯಿ ಬಿಡಬಾರದು ಅಂತ ಮಾತಾಗುತ್ತೆ. ದೊಡ್ಡವರಿಬ್ಬರೂ ತಂತಮ್ಮ ಹೆಂಡತಿಗೆ ಹೇಳ್ಬಿಡ್ತಾರೆ, ಕಿರಿಯವನು ಮಾತ್ರ ಮಾತು ಉಳಿಸ್ಕೊಳ್ತಾನೆ, ಅವನ ಹೆಂಡತಿ ಬುತ್ತಿ ಹಿಡ್ಕೊಂಡು ಬರ್ತಾಳೆ. ಇಲ್ಲೂ ನೋಡಿ, ಕಿರಿಸೊಸೆನೇ ಸಿಗೋದು! ಗೋಡೆ ಏರ್ತಾ ಇದ್ರೂ ಅವಳು ಮೊದಲು ತಮಾಷೆ ಅನ್ಕೊಂಡು ನಗ್ತಾ ಇರ್ತಾಳೆ. ಆಮೇಲೆ ಅರ್ಥ ಆದಾಗ, ಎದೆ ಹತ್ರ ಒಂದು ಕಿಂಡಿ ಬಿಡಿ, ಮಗುಗೆ ಹಾಲು ಕೊಡ್ಬೇಕು ಅಂತ ಕೇಳ್ತಾಳೆ. ಮನೋಲೆ ಹೆಂಡತಿನೂ ಮೊದಲು ಆಟ ಅಂತಲೇ ತಿಳ್ಕೊಳ್ಳೋದು.

ನಮ್ಮ ಹಾಡು ಬೇರೆ ಆಗೋದು ಇಲ್ಲೇ. ಭಾಗೀರತಿಗೆ ಮುಂಚೇನೇ ಗೊತ್ತು. ಗೊತ್ತಿದ್ದೂ ಅವಳ ಹತ್ರ ಟೈಮ್ ಇದೆ, ತವರಿಗೆ ಹೋಗಿ ಬರೋವಷ್ಟು. ಆ ಹಾಡುಗಳಲ್ಲಿ ನಮಗೆ ಗೊತ್ತು ಅವಳಿಗೆ ಗೊತ್ತಿಲ್ಲ, ಎದೆ ಹೊಡ್ಕೊಳ್ಳೋದು ಅದಕ್ಕೆ. ಇಲ್ಲಿ ಅವಳಿಗೂ ಗೊತ್ತು. ವಾಪಸ್ ಬಂದು ಅದೇ ಪೂಜೆಗೆ ತಾನೇ ಅಕ್ಕಿ ಬೇಳೆ ಹಸನು ಮಾಡಿ ಅಡುಗೆ ಮಾಡ್ತಾಳೆ, ಬಟ್ಟಲು ಮರೆತು ಬಂದ್ವಿ ಅಂದಾಗ ಸುಮ್ನೆ ಹೊರಡ್ತಾಳೆ. ಕೆರೆ ಮೆಟ್ಟಿಲು ಒಂದೊಂದೇ ಹತ್ತುವಾಗ ನೀರು ಪಾದಕ್ಕೆ ಬಂತು, ಮೇಲೆ ಬಂತು ಅಂತ ಹೇಳ್ತಾ ಹೋಗೋದು ಹಾಡಿನ ಭಯಂಕರ ಭಾಗ, ಯಾಕಂದ್ರೆ ಅವಳು ಇಳೀತಾ ಇಲ್ಲ, ಹತ್ತುತಾ ಇದಾಳೆ, ಹೊರಗೆ ಬರೋ ದಿಕ್ಕಲ್ಲೇ ಇದಾಳೆ. ನೀರೇ ಅವಳಿಗಿಂತ ಜೋರಾಗಿ ಮೇಲೆ ಬರ್ತಾ ಇದೆ.

ಗೆಳತಿ ಇಲ್ದೆ ಇದ್ರೆ ಇದು ಯಾವುದೂ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಭಾಗೀರತಿ ಅಪ್ಪ ಅಮ್ಮಂಗೆ ಹೇಳಿದ್ದನ್ನೇ ನಾವೂ ನಂಬ್ಕೊಂಡು ಕೂತಿರ್ತಿದ್ವಿ. ಅವಳು ತನ್ನ ಬಾಯಿಂದ ಸತ್ಯ ಹೇಳೋಕೆ ಹಾಡಿಗೆ ಒಂದು ಕಿವಿ ಬೇಕಿತ್ತು, ಅದಕ್ಕೆ ಗೆಳತಿ. ಹಾಗಂತ ಆ ಉತ್ತರ ನನಗೂ ಹಿಡಿಸಲ್ಲ, ಅದು ಬೇರೆ ಮಾತು.


ನೇತ್ರಾವತಿ_ಕರೆ:

ನಮ್ಮ ಊರಿನ ಸಿರಿಯನ್ನು ಯಾರೂ ಹೇಳ್ಲಿಲ್ಲ ಮಾರಾಯ್ರೆ! ತುಳು ಪಾಡ್ದನ ಅಂತ ಬಿಟ್ಟದ್ದಾ? ಕನ್ನಡದ ಹಾಡಲ್ಲ ಹೌದು, ಆದ್ರೂ ಈ ಪಂಕ್ತಿಯಲ್ಲಿ ಅವಳು ಕೂತ್ಕೊಳ್ಳಲೇಬೇಕು.

ಸಿರಿಗೆ ಬಸ್ರೂರಿನ ಕಾಂತು ಪೂಂಜನ ಜೊತೆ ಮದುವೆ. ಬಸುರಿಯಾದಾಗ ಬಯಕೆ ಶಾಸ್ತ್ರಕ್ಕೆ ಅಂತ ಗಂಡ ಸೀರೆ ತರ್ತಾನೆ. ತರುವ ದಾರಿಯಲ್ಲಿ ಸಿದ್ದು ಅಂತ ಅವನ ಸೂಳೆಯ ಮನೆಗೆ ಹೋಗ್ತಾನೆ, ಅವಳು ಆ ಸೀರೆಯನ್ನು ಒಮ್ಮೆ ಉಟ್ಟು ಬಿಚ್ಚಿ ಪುನಃ ಮಡಚಿ ಕೊಡ್ತಾಳೆ. ಸಿರಿಗೆ ಗೊತ್ತಾಗ್ತದೆ. ತುಂಬಿದ ಚಪ್ಪರದಲ್ಲಿ, ನೆಂಟರಿಷ್ಟರ ಎದುರು, ಈ ಸೀರೆ ನನಗೆ ಬೇಡ ಅಂತ ಹೇಳ್ತಾಳೆ. ಮುಂದೆ ಅವನ ಸಂಬಂಧವನ್ನೇ ಕಡ್ಕೊಂಡು ಮಗುವನ್ನು ಎತ್ಕೊಂಡು ಹೊರಡ್ತಾಳೆ, ಆಮೇಲೆ ಕೊಡ್ಸರಾಳ್ವನನ್ನು ಮದುವೆ ಆಗ್ತಾಳೆ. ಎರಡನೇ ಮದುವೆ! ದೈವವಾಗಿ ಪೂಜೆ ಮಾಡ್ತೇವೆ ನಾವು ಅವಳನ್ನು.

ನೇಜಿ ನೆಡುವಾಗ ಗದ್ದೆಯಲ್ಲಿ ಹೆಂಗಸರು ಹಾಡುವುದನ್ನು ಸಣ್ಣದಿರುವಾಗ ಕೇಳಿದ್ದೇನೆ, ಕೆಲಸಕ್ಕೆ ಬಗ್ಗಿದವರ ಸ್ವರದಲ್ಲಿ ಕೇಳಿದ್ರೆ ಅದರ ಗಮ್ಮತ್ತೇ ಬೇರೆ. ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೋಂಕೊ, ಇಲ್ಲಿಯ ವಿವೇಕ ರೈ, ಚಿನ್ನಪ್ಪ ಗೌಡರು ಎಲ್ಲ ಸೇರಿ 1990ರಲ್ಲಿ ರೆಕಾರ್ಡ್ ಮಾಡಿದ್ರು, 1998ರಲ್ಲಿ ಅದು ಪುಸ್ತಕ ಆಗಿ ಬಂತು, 15,683 ಸಾಲು ಉಂಟು ಅದ್ರಲ್ಲಿ. ಅಷ್ಟು ಉದ್ದದ ಹಾಡಿನಲ್ಲಿ ನನಗೆ ಬೇಕಾದ್ದು ಆ ಸೀರೆಯ ಒಂದು ಜಾಗ.

ಆದ್ರೆ ಒಂದು ಹೇಳ್ತೇನೆ. ಸಿರಿಗೆ ಹಾಗೆ ಹೇಳ್ಲಿಕ್ಕೆ ಆದದ್ದು ಹೇಗೆ? ಅಜ್ಜ ಬಿರ್ಮಾಳ್ವನ ಮನೆ ಇತ್ತು, ಸತ್ಯನಾಪುರದ ಅರಮನೆ ಇತ್ತು, ಅವಳಿಗೆ ಹಕ್ಕು ಅಂತ ಒಂದು ಇತ್ತು. ಇಲ್ಲಿ ಆಗ ಆಸ್ತಿ ಹೆಣ್ಣಿನ ಕಡೆಯಿಂದ ಹೋಗುವ ಅಳಿಯ ಸಂತಾನದ ಕಟ್ಟು ಇತ್ತಲ್ವಾ. ಭಾಗೀರತಿಯ ಅಪ್ಪ ಹೊಲ ಕೊಡ್ತೇನೆ ಅಂದದ್ದು ಅವನ ದಯೆ, ಸಿರಿಗೆ ಅದು ಅವಳದ್ದೇ. ಹಾಗಾಗಿ ಭಾಗೀರತಿಯನ್ನು ಹೆದರುಪುಕ್ಕಲಿ ಅಂತ ಹೇಳುವವರ ಮೇಲೆ ನನಗೆ ಸಿಟ್ಟು ಬರ್ತದೆ, ಗೆಳತಿಯ ಮೇಲೆ ಅಲ್ಲ.


ಅಚ್ಚಕೆಂಪಿನಬಳೆ:

ಎಲ್ಲಾ ಸೀರಿಯಸ್ಸಾಗಿ ಸಾವು ನೋವು ಅಂತ ಹೇಳ್ತಿದೀರ, ನಾನು ಸ್ವಲ್ಪ ಬೇರೆ ಟ್ರ್ಯಾಕ್. ನನ್ನ ಫೇವರಿಟ್ ಪಾತ್ರ ಭಾಗ್ಯದ ಬಳೆಗಾರ ಹಾಡಿನ ಹುಡುಗಿ. ಹಾಡು ಎಲ್ರಿಗೂ ಗೊತ್ತು, ಮದುವೆ ಮನೆ, ಸ್ಕೂಲ್ ಡೇ, ಆರ್ಕೆಸ್ಟ್ರಾ ಎಲ್ಲಾ ಕಡೆ ಹಾಡಿ ಹಾಡಿ ಸವೆಸಿಬಿಟ್ಟಿದೀವಿ. ಅದಕ್ಕೇ ಯಾರೂ ಅವಳ ಮಾತು ಕಿವಿಗೆ ಹಾಕ್ಕೊಳಲ್ಲ ಅನ್ಸುತ್ತೆ.

ಬಳೆಗಾರ ಮನೆ ಬಾಗಿಲಿಗೆ ಬಂದಿದಾನೆ. ಅವಳು ತನಗೆ ಬಳೆ ಕೇಳಲ್ಲ. ಹೋಗು ನನ್ನ ತವರಿಗೆ ಅಂತಾಳೆ. ನಿನ್ನ ತವರು ನನಗೇನು ಗೊತ್ತು ತಾಯಿ ಅಂತ ಅವನು ಕೇಳೋದೇ ತಡ, ದಾರಿ ಹೇಳೋಕೆ ಶುರು. ಬಾಳೆ ಬಲಕ್ಕೆ ಬಿಡು, ಸೀಬೆ ಎಡಕ್ಕೆ ಬಿಡು, ನಟ್ಟನಡುವೆ ಹೋಗು. ಹಂಚಿನ ಮನೆ, ಕಂಚಿನ ಕದ, ಅಲ್ಲಿ ಎರಡು ಗಿಳಿ. ಆಲೆ ಆಡ್ತಿರುತ್ತೆ, ಗಾಣ ತಿರುಗ್ತಿರುತ್ತೆ. ಕೊನೆಗೆ ಅಮ್ಮ ಪಗಡೆ ಆಡ್ತಾ ಕೂತಿರೋದನ್ನೂ ಹೇಳ್ತಾಳೆ. ಈ ಹುಡುಗಿ ಬಾಗಿಲಲ್ಲಿ ನಿಂತ್ಕೊಂಡೇ ತವರಿಗೆ ಹೋಗಿ ಬಂದ್ಬಿಡ್ತಾಳೆ ಅಂತ ನನಗೆ ಯಾವಾಗ್ಲೂ ಅನ್ಸೋದು. ಬಳೆಗಾರ ನಿಜವಾಗ್ಲೂ ಹೋದ್ನಾ ಇಲ್ವಾ ಹಾಡು ಹೇಳಲ್ಲ, ಅವಳಿಗೂ ಅದು ಮುಖ್ಯ ಅಲ್ಲ ಅನ್ಸುತ್ತೆ, ದಾರಿ ಹೇಳೋಕೆ ಒಬ್ಬ ಸಿಕ್ಕಿದನಲ್ಲ ಸಾಕು.

ನನಗೆ ಇಲ್ಲಿ ಸಿಟ್ಟು ಬರೋದು ಹಾಡಲ್ಲಿ ಇಲ್ಲದೇ ಇರೋರ ಮೇಲೆ. ಇವಳನ್ನ ಯಾಕೆ ಕಳಿಸ್ತಿಲ್ಲ? ಗಂಡ ಎಲ್ಲಿ? ಅಣ್ಣತಮ್ಮಂದಿರು ಕರೆಯೋಕೆ ಯಾಕೆ ಬಂದಿಲ್ಲ? ಯಾರ ಹೆಸರೂ ಎತ್ತಲ್ಲ ಅವಳು, ದೂರು ಒಂದು ಅಕ್ಷರ ಇಲ್ಲ, ಅಮ್ಮಂಗೆ ಕೆಂಪು ಬಳೆ ಅಂದ್ರೆ ಇಷ್ಟ ಅಂತ ಹೇಳ್ಬಿಟ್ಟು ಸುಮ್ನಾಗ್ತಾಳೆ. ಸಿನಿಮಾ ಥರ ಚಕಚಕ ಬೀಟ್ ಹಾಕಿ ಹಾಡೋರು ಒಂದ್ಸಲ ನಿಧಾನಕ್ಕೆ ಹಾಡಿ ನೋಡ್ಬೇಕು.

ಮತ್ತೆ @ಬೀಸುಕಲ್ಲು, ಬಳೆಗಾರ, ಜೋಗಿ, ದಾಸಯ್ಯ, ಗೆಳತಿ. ಈ ಹಾಡುಗಳಲ್ಲಿ ಹೆಂಗಸರು ಮನಸಲ್ಲಿರೋದನ್ನ ಹೇಳ್ಕೊಳ್ಳೋದು ಏನೂ ಮಾಡೋಕಾಗದೇ ಇರೋರ ಹತ್ರಾನೇ. ಮಲಪ್ರಭಾ ಅವರು ಹೇಳಿದ್ದು ಸರಿ ಅನ್ಸುತ್ತೆ ನನಗೆ.


ಹುಲಿಪಕ್ಷ:

ಹುಲಿಗೆ ಒಂದು ವೋಟೂ ಬೀಳ್ಲಿಲ್ಲ. ಇರ್ಲಿ. ಆ ಕರು ಸಾಲಿನ ಬಗ್ಗೆ ಹೇಳಿದ್ದು ನೋಡಿ ಈಗ ಪೂರ್ತಿ ಹಾಡು ಹುಡುಕಿ ಓದಿದೆ. ಹುಲಿ ಸತ್ತಮೇಲೂ ಹಾಡು ಮುಂದೆ ಹೋಗುತ್ತೆ ಅಂತ ಎಷ್ಟು ಜನಕ್ಕೆ ಗೊತ್ತು? ಪುಣ್ಯಕೋಟಿ ಗೊಲ್ಲನ್ನ ಕರೆದು, ನಮ್ಮ ವಂಶದ ಹಸುಗಳು ನಿಮ್ಮ ವಂಶದ ಗೊಲ್ಲರು ಪ್ರತಿ ಸಂಕ್ರಾಂತಿಗೆ ಕೃಷ್ಣನ ಭಜನೆ ಮಾಡಿ ಅಂತ ಹೇಳುತ್ತೆ. ಸ್ಕೂಲಲ್ಲಿ ಹುಲಿ ಹಾರಿ ಪ್ರಾಣ ಬಿಟ್ಟ ಕೂಡ್ಲೇ ಬೆಲ್ ಹೊಡೆದಿದ್ರು ನಮಗೆ.


ಬೀಸುಕಲ್ಲು:

ಎಲ್ಲಾ ಓದಿದೆ, ಎರಡೆರಡು ಸಲ. ಸಂಕಮ್ಮನ ಸಾಲು ಪೂರ್ತಿ ಕೇಳಿಲ್ಲ ನಾನು, ಒಳ್ಳೆ ರೆಕಾರ್ಡಿಂಗ್ ಗೊತ್ತಿದ್ರೆ ಹಾಕಿ @ಕಂಸಾಳೆ_ಹಟ್ಟಿ. ಸಿರಿ ಸೀರೆ ವಿಷಯಕ್ಕೆ ದೊಡ್ಡ ನಮಸ್ಕಾರ.

ಗೆಳತಿ ಬಗ್ಗೆ. ಮಾದೇವರಾಯಂಗೆ ಸತ್ಯ ಹೇಳಿದ್ದು ಅವಳೇ ಅನ್ನೋದು ಸರಿ, ಸುಳ್ಳಿನ ಲೆಕ್ಕಾನೂ ಸರಿ, ಒಪ್ತೀನಿ. ಆದ್ರೂ ಸಿಟ್ಟು ಹೋಗ್ತಿಲ್ಲ ನನಗೆ. ಸತ್ಯ ಹೇಳೋಳು ಅಂತ ಅಷ್ಟೊಂದು ಹೊಗಳ್ತಿದೀರಲ್ಲ, ಅವಳು ಆ ಸತ್ಯನ ಎರಡು ದಿನ ಮುಂಚೆ ಭಾಗೀರತಿ ಅವ್ವಂಗೆ ಹೇಳಿದ್ರೆ ಏನಾಗ್ತಿತ್ತು? ಎಲ್ಲಾ ಮುಗಿದ ಮೇಲೆ ಬಾಗಿಲಿಗೆ ಬಂದ ಗಂಡಂಗೆ ಹೇಳಿ ಅವನೂ ಕೆರೆಗೆ ಬಿದ್ದ, ಅದರಿಂದ ಯಾರಿಗೆ ಏನು ಬಂತು? ಸತ್ಯ ಹೇಳೋಕೂ ಒಂದು ಹೊತ್ತು ಅಂತ ಇರುತ್ತೆ. ಏನೂ ಮಾಡೋಕಾಗಲ್ಲ ಅನ್ನೋದು ಬೇರೆ, "ಇಟ್ಟಂಗ ಇರಬೇಕು" ಅಂತ ಬಾಯಲ್ಲಿ ಹೇಳೋದು ಬೇರೆ. ಗೊತ್ತಿಲ್ಲ ಕಣೇ ಅಂದಿದ್ರೂ ನಾನು ಬಿಟ್ಬಿಡ್ತಿದ್ದೆ.

ಇನ್ನೊಂದು ಹೇಳ್ತೀನಿ, ಸ್ವಲ್ಪ ಪರ್ಸನಲ್. ನನಗೆ ಆ ಸಾಲು ಇಷ್ಟು ಚುಚ್ಚೋದಕ್ಕೆ ಕಾರಣ ಅದನ್ನ ನಾನು ಎಲ್ಲೋ ಕೇಳಿದೀನಿ ಅನ್ಸೋದು. ಮದುವೆ ಆಗಿ ಕಷ್ಟದಲ್ಲಿರೋ ಯಾರಾದ್ರೂ ಫೋನ್ ಮಾಡಿದಾಗ "ಅಡ್ಜಸ್ಟ್ ಮಾಡ್ಕೊಂಡು ಹೋಗೇ" ಅಂತ ಪ್ರೀತಿಯಿಂದಾನೇ ಹೇಳೋ ಅಕ್ಕಂದಿರು ಚಿಕ್ಕಮ್ಮಂದಿರು ಎಷ್ಟು ಜನ ಇಲ್ಲ. ಯಾರೂ ಕೆಟ್ಟೋರಲ್ಲ. ಹೇಳಿ ಫೋನ್ ಇಟ್ಟಮೇಲೆ ಅವರೂ ಅಳ್ತಾರೆ ಅಂತಾನೂ ಗೊತ್ತು.


ಮಲಪ್ರಭಾ_ದಂಡಿ:

ಅಕ್ಕಾರ, ಅವ್ವಗ ಮದಲ ಹೇಳಬೇಕಿತ್ತು ಅನ್ನೂದಕ್ಕ ನನ್ನ ಕಡೆ ಉತ್ತರ ಇಲ್ಲ. ಅದೊಂದು ನೀವು ಗೆದ್ರಿ.

ಆದ್ರ ಆ ಸಾಲು ಓದೂದು ಬ್ಯಾರೆ, ಕೇಳೂದು ಬ್ಯಾರೆ. ನಮ್ಮ ಆಯಿ ಹಾಡತಿದ್ಲು. ಹೆಣ್ಣಮಕ್ಕಳು ಎರಡ ಪಾರ್ಟಿ ಮಾಡಕೊಂಡು ಕುಂದರತಿದ್ರು, ಒಂದ ಕಡೆಯವ್ರು ಸಾಲು ಅಂದ್ರ ಆ ಕಡೆಯವ್ರು ಅದನ್ನ ತಿರುಗಿ ಅನ್ನೂದು. ಅಪ್ಪ ಹೊಲ ಕೊಡ್ತೀನಿ ಅಂದಿದ್ದೂ ಎರಡ ಸಲ, ಅವ್ವ ವಾಲಿ ಕೊಡ್ತೀನಿ ಅಂದಿದ್ದೂ ಎರಡ ಸಲ. ಗೆಳತಿ ಸಾಲು ಬಂದಾಗ ನಮ್ಮ ಆಯಿ ಧ್ವನಿ ಇಳಸತಿದ್ಲು, ಬಾಕಿ ಎಲ್ಲಾ ಒಂದ ಧಾಟಿ, ಅಲ್ಲಿ ಮಾತ್ರ ಹಾಡಿದಂಗ ಅಲ್ಲ ಅಂದಂಗ. ಅದು ಬುದ್ಧಿಮಾತು ಹೇಳೂ ಧ್ವನಿ ಅಲ್ರಿ. ನೀವು ಹೊತ್ತಿಗ್ಯಾಗ ಓದಿ ಸಿಟ್ಟಾಗ್ಯಾರಿ, ಯಾರರ ಹಾಡೂವಾಗ ಕೂತ ಕೇಳ್ರಿ. ರೆಕಾರ್ಡ್ ಮಾಡಿದವ್ರು ಭಾಳ ಮಂದಿ ಅದನ್ನ ಜೋರಾಗಿ ತಾಳ ಹಾಕಿ ಹಾಡ್ಯಾರ, ಅದು ಬ್ಯಾಡ.


ಬೀಸುಕಲ್ಲು:

ಸರಿ, ನಿಮ್ಮ ಕಡೆ ಇನ್ನೂ ಹಾಡೋರು ಇದ್ರೆ ಹೇಳಿ, ನಾನೇ ಬರ್ತೀನಿ. ಆ ಸಾಲು ಬಂದಾಗ ಎದ್ದು ಹೋಗಲ್ಲ ಅಂತ ಭಾಷೆ ಮಾತ್ರ ಕೇಳಬೇಡಿ, ಸಂಕಮ್ಮನ ಥರ ಕೊಡಲ್ಲ 😄


ಕಂಸಾಳೆ_ಹಟ್ಟಿ:

ಸಂಕಮ್ಮನ ಸಾಲಿಗೆ ರೆಕಾರ್ಡಿಂಗ್ ಹುಡುಕ್ತಿವ್ನಿ. ಸಿಗೋ ವೀಡಿಯೋ ಎಲ್ಲಾ ಅರ್ಧ ಗಂಟೆಗೆ ಕತ್ತರಿಸಿ ಹಾಕವ್ರೆ, ಪೂರ್ತಿ ಇರದು ಸಿಕ್ದಾಗ ಇಲ್ಲೇ ಹಾಕ್ತೀನಿ.